ಒಂದೇ ಡಿಸ್ಕ್ ಎಂದು ಹೇಳುವ ಕಾರ್ಡ್

ಸರ್ವರ್ ಒಂದಕ್ಕೆ ಹೆಚ್ಚುವರಿ ಮೆಮೊರಿ ಹಾಕಲೆಂದು ಯಂತ್ರಗಳ ಕೋಣೆಗೆ ಹೋಗಿದ್ದ ದಿನ, ಅದರ ಮುಂಭಾಗದಲ್ಲಿದ್ದ ಆರು ಡಿಸ್ಕ್‌ಗಳ ಪೈಕಿ ನಾಲ್ಕನೆಯದರ ದೀಪ ಹಸಿರಿನ ಬದಲು ಕಿತ್ತಳೆ ಬಣ್ಣದಲ್ಲಿ ಉರಿಯುತ್ತಿರುವುದು ಕಣ್ಣಿಗೆ ಬಿತ್ತು. ಅದು ಎಂದಿನಿಂದ ಹಾಗೆ ಉರಿಯುತ್ತಿತ್ತೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಹಲವು ಡಿಸ್ಕ್‌ಗಳನ್ನು ಜೋಡಿಸಿ ಒಂದೇ ಡಿಸ್ಕ್ ಎಂದು ತೋರಿಸುವ ರೇಡ್ ಕಾರ್ಡ್‌ನ ಒಳಗಿನ ಲಾಗ್ ತೆರೆದು ನೋಡಿದಾಗ, ಆ ಡಿಸ್ಕ್ ಕೈಕೊಟ್ಟು 83 ದಿನಗಳಾಗಿದ್ದವು. ಅರೇ, ಅಂದರೆ ಆ ಡಿಸ್ಕ್‌ಗಳ ಜೋಡಣೆ, ಒಂದು ಡಿಸ್ಕ್ ಹೋದರೂ ದತ್ತಾಂಶ ಉಳಿಯುವ ರೇಡ್ 5 ಆಗಿದ್ದರಿಂದ ಸರ್ವರ್ ಒಂದು ಕ್ಷಣವೂ ನಿಂತಿರಲಿಲ್ಲ; ಬಳಕೆದಾರರಿಂದ ಒಂದೂ ದೂರು ಬಂದಿರಲಿಲ್ಲ. ಆ 83 ದಿನಗಳಲ್ಲಿ ಉಳಿದ ಐದರಲ್ಲಿ ಇನ್ನೊಂದು ಹೋಗಿದ್ದರೆ ಇಡೀ ಅರೇ ಹೋಗುತ್ತಿತ್ತು. ಕಾರ್ಡ್ ತನ್ನ ಕರ್ತವ್ಯದಲ್ಲಿ ತಪ್ಪಿರಲಿಲ್ಲ ಎಂಬುದನ್ನೂ ಹೇಳಬೇಕು. ಅದು ಮೊದಲ ದಿನದಿಂದಲೇ ಬೀಪ್ ಎಂದು ಕೂಗುತ್ತಿತ್ತು, ಆದರೆ ಫ್ಯಾನ್‌ಗಳ ಮೊರೆತದಲ್ಲಿ ಆ ಕೂಗು ಕೇಳಬೇಕೆಂದರೆ ಯಂತ್ರದ ಮುಚ್ಚಳಕ್ಕೆ ಕಿವಿಯಿಡಬೇಕಾಗಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಆ ಸರ್ವರ್‌ನಲ್ಲಿ ಡಿಸ್ಕ್‌ಗಳ ಆರೋಗ್ಯ ನೋಡಿಕೊಳ್ಳುವ ಸ್ಮಾರ್ಟ್‌ಡಿ ಸೇವೆ ಓಡುತ್ತಲೇ ಇತ್ತು ಮತ್ತು ಪ್ರತಿದಿನ ಎಲ್ಲವೂ ಸರಿಯಿದೆಯೆಂದು ಲಾಗ್‌ನಲ್ಲಿ ಬರೆಯುತ್ತಲೇ ಇತ್ತು. ಲಿನಕ್ಸ್‌ನಲ್ಲಿ ಡಿಸ್ಕ್‌ಗಳ ಪಟ್ಟಿ ಕೇಳಿದರೆ ಅಲ್ಲಿ ಕಾಣುತ್ತಿದ್ದುದು ಎಸ್‌ಡಿಎ ಎಂಬ ಒಂದೇ ಡಿಸ್ಕ್. ಅದರ ತಯಾರಕರ ಹೆಸರಿನ ಜಾಗದಲ್ಲಿ ಡಿಸ್ಕ್ ಕಂಪನಿಯ ಬದಲು ಕಾರ್ಡ್‌ನ ಹೆಸರಿತ್ತು. ಸ್ಮಾರ್ಟ್‌ಡಿ ಪ್ರಶ್ನೆ ಕೇಳುತ್ತಿದ್ದುದು ಆ ಎಸ್‌ಡಿಎಯನ್ನು. ಎಸ್‌ಡಿಎ ಎಂಬುದು ಡಿಸ್ಕೇ ಅಲ್ಲ, ಆರು ಡಿಸ್ಕ್‌ಗಳ ಮುಂದೆ ಕಾರ್ಡ್ ಕಟ್ಟಿದ ಪರದೆ. ಕೇಳಿದ ಪ್ರಶ್ನೆ ಸರಿಯಾಗಿತ್ತು, ಉತ್ತರಿಸಿದ ಆಸಾಮಿ ಬೇರೆಯಾಗಿದ್ದ.

ಮುಕ್ತ ತಂತ್ರಾಂಶದ ಸರ್ವರ್‌ಗಳಲ್ಲಿ ಹಾರ್ಡ್‌ವೇರ್ ರೇಡ್ ಬಳಸಬೇಕೇ ಬೇಡವೇ ಎಂಬ ಚರ್ಚೆ ಸಾಮಾನ್ಯವಾಗಿ ವೇಗದಿಂದ ಶುರುವಾಗಿ ವೇಗದಲ್ಲೇ ಮುಗಿಯುತ್ತದೆ. ಹಲವು ವರ್ಷ ಎರಡೂ ಬಗೆಯ ಯಂತ್ರಗಳನ್ನು ನೋಡಿಕೊಂಡ ಮೇಲೆ ನನಗನಿಸುವುದೆಂದರೆ, ಕೇಳಬೇಕಾದ ಪ್ರಶ್ನೆಗಳು ಎರಡೇ. ಡಿಸ್ಕ್ ಒಂದು ಕೆಟ್ಟಾಗ ಅದು ನನಗೆ ತಿಳಿಯುವ ದಾರಿ ಯಾವುದು? ಕಾರ್ಡೇ ಕೆಟ್ಟಾಗ ಆ ಡಿಸ್ಕ್‌ಗಳನ್ನು ಓದಬಲ್ಲವರು ಯಾರು?

ರೇಡ್ ಕಾರ್ಡ್ ಎಂಬುದು ಕಂಪ್ಯೂಟರಿನೊಳಗೆ ಕೂತಿರುವ ಇನ್ನೊಂದು ಕಂಪ್ಯೂಟರ್. ಬಹುಕಾಲ ಸರ್ವರ್‌ಗಳಲ್ಲಿ ಎಲ್ಲೆಡೆ ಕಾಣುತ್ತಿದ್ದ ಎಲ್‌ಎಸ್‌ಐ ಕಂಪನಿಯ ಸ್ಯಾಸ್2108 ಚಿಪ್‌ನಲ್ಲಿ 800 ಮೆಗಾಹರ್ಟ್ಸ್ ವೇಗದ ಪವರ್‌ಪಿಸಿ ಪ್ರೊಸೆಸರ್ ಇತ್ತು. ಅದಕ್ಕೆ ತನ್ನದೇ ಮೆಮೊರಿ, ತನ್ನದೇ ಫರ್ಮ್‌ವೇರ್, ತನ್ನದೇ ದೋಷಗಳು. ಹೊರಗಿನ ಸರ್ವರ್‌ನಲ್ಲಿ ಡೆಬಿಯನ್ ಇರಲಿ, ಫ್ರೀಬಿಎಸ್‌ಡಿ ಇರಲಿ, ಕರ್ನಲ್‌ನ ಪ್ರತಿ ಸಾಲನ್ನೂ ಓದುವ ಹಕ್ಕು ನಮಗಿದೆ. ಆದರೆ ದತ್ತಾಂಶವೆಲ್ಲ ಹಾದುಹೋಗುವ ಈ ಒಳಗಿನ ಕಂಪ್ಯೂಟರಿನ ತಂತ್ರಾಂಶದ ಒಂದು ಸಾಲೂ ನಮಗೆ ಕಾಣದು. ಇನ್ನೊಂದು ವಿಪರ್ಯಾಸವೂ ಇದೆ. 1988ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ರೇಡ್ (RAID) ಎಂಬ ಹೆಸರನ್ನು ಮುಂದಿಟ್ಟಾಗ, ಅದರಲ್ಲಿನ 'ಐ' ಅಕ್ಷರಕ್ಕೆ ಅಗ್ಗದ ಎಂಬ ಅರ್ಥವಿತ್ತು. ದುಬಾರಿಯಾದ ಒಂದು ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಹಲವು ಚಿಕ್ಕ ಡಿಸ್ಕ್‌ಗಳನ್ನು ಜೋಡಿಸುವುದು ಅವರ ವಾದವಾಗಿತ್ತು. ಮುಂದೆ ಉದ್ಯಮವು ಅದೇ ಅಕ್ಷರಕ್ಕೆ ಸ್ವತಂತ್ರ ಎಂಬ ಅರ್ಥ ಕೊಟ್ಟಿತು. ಒಳ್ಳೆಯ ಕಾರ್ಡ್‌ನ ಬೆಲೆ ಕೇಳಿದವರಿಗೆ ಅರ್ಥ ಬದಲಾದದ್ದೇಕೆಂದು ವಿವರಿಸಬೇಕಾಗಿಲ್ಲ.

ಪ್ಯಾರಿಟಿಯನ್ನು, ಅಂದರೆ ಸತ್ತ ಡಿಸ್ಕ್‌ನ ದತ್ತಾಂಶವನ್ನು ಮತ್ತೆ ಕಟ್ಟಲು ಬೇಕಾದ ಹೆಚ್ಚುವರಿ ಮಾಹಿತಿಯನ್ನು, ಲೆಕ್ಕ ಹಾಕುವುದರಿಂದ ಮುಖ್ಯ ಪ್ರೊಸೆಸರ್‌ಗೆ ಭಾರವಾಗುತ್ತದೆ, ಆದ್ದರಿಂದ ಕಾರ್ಡ್ ಬೇಕು ಎಂಬ ಮಾತು ಹಿಂದೊಂದು ಕಾಲದಲ್ಲಿ ನಿಜವಾಗಿತ್ತು. ಇಂದು ಲಿನಕ್ಸ್‌ನ ರೇಡ್ 6 (ಎರಡು ಡಿಸ್ಕ್ ಹೋದರೂ ತಾಳುವ ಬಗೆ) ಭಾಗವು ಸಿದ್ಧಗೊಳ್ಳುವಾಗ ಲಭ್ಯವಿರುವ ವಿಧಾನಗಳನ್ನೆಲ್ಲ ಒಂದೊಂದಾಗಿ ಓಡಿಸಿ, ಅತಿ ವೇಗದ್ದನ್ನು ಆರಿಸಿಕೊಂಡು, ಅದರ ವೇಗವನ್ನು ಕರ್ನಲ್ ಲಾಗ್‌ನಲ್ಲಿ ಬರೆಯುತ್ತದೆ. ಸಾಧಾರಣ ಯಂತ್ರದಲ್ಲೂ ಅಲ್ಲಿ ಸೆಕೆಂಡಿಗೆ ಹಲವು ಗಿಗಾಬೈಟ್ ಎಂಬ ಅಂಕಿ ಕಾಣುತ್ತದೆ. ಆರು ತಿರುಗುವ ಡಿಸ್ಕ್‌ಗಳು ಒಟ್ಟಾಗಿ ದುಡಿದರೂ ಒಂದು ಗಿಗಾಬೈಟ್‌ನ ಆಸುಪಾಸಿನಲ್ಲಿ ನಿಲ್ಲುತ್ತವೆ. ಹಾಗಾಗಿ ಲೆಕ್ಕದ ಭಾರ ಎಂಬ ವಾದವನ್ನು ನಾನು ಈಗ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕಾರ್ಡ್‌ನಲ್ಲಿ ನಿಜಕ್ಕೂ ಹಣ ಕೊಟ್ಟು ಕೊಳ್ಳುವಂಥದ್ದು ಏನಾದರೂ ಇದ್ದರೆ, ಅದು ಬ್ಯಾಟರಿಯ ಬೆಂಬಲವಿರುವ ಬರಹದ ಕ್ಯಾಷ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಕಾರ್ಡ್ ಇಟ್ಟ ಯಂತ್ರ ಓಡಿದಂತೆ ಕಂಡು ಕಾರ್ಡ್ ಇಲ್ಲದ್ದು ತೆವಳಿದಂತೆ ಕಂಡರೆ ಬಹುತೇಕ ಸಲ ಕಾರಣ ಇದೊಂದೇ. ಪೋಸ್ಟ್‌ಗ್ರೆಸ್‌ನಂತಹ ಡೇಟಾಬೇಸ್ ಒಂದು ವಹಿವಾಟು ಮುಗಿಯಿತೆಂದು ಹೇಳುವ ಮುನ್ನ, ಬರೆದದ್ದು ಡಿಸ್ಕ್ ತಲುಪಿದೆಯೆಂದು ಖಚಿತಪಡಿಸಿಕೊಳ್ಳಲು ಎಫ್‌ಸಿಂಕ್ ಕರೆ ಮಾಡಿ ಕಾಯುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಒಂದರ ಹಿಂದೊಂದು ಸಾಲಾಗಿ ಬರುವ ಇಂತಹ ಬರಹಗಳು ಪ್ರತಿ ಸಲವೂ ಅದೇ ಜಾಗ ಮತ್ತೆ ಡಿಸ್ಕ್‌ನ ಬರೆಯುವ ತಲೆಯ ಕೆಳಗೆ ಬರುವವರೆಗೆ ಕಾಯಬೇಕಾದ್ದರಿಂದ, ಸೆಕೆಂಡಿಗೆ ನೂರಿಪ್ಪತ್ತರ ಆಚೆ ಹೋಗುವುದು ಕಷ್ಟ. ಬ್ಯಾಟರಿಯುಳ್ಳ ಕಾರ್ಡ್ ಇದ್ದರೆ, ದತ್ತಾಂಶವು ಕಾರ್ಡ್‌ನ ಮೆಮೊರಿಗೆ ಬಂದ ಕೂಡಲೇ ಬರೆದಾಯಿತು ಎಂಬ ಉತ್ತರ ಹೋಗುತ್ತದೆ. ಸಂಖ್ಯೆ ನೂರುಗಳಿಂದ ಸಾವಿರಗಳಿಗೆ ಜಿಗಿಯುತ್ತದೆ. ಕರೆಂಟ್ ಹೋದರೂ ಬ್ಯಾಟರಿ ಆ ಮೆಮೊರಿಯನ್ನು ಸಾಮಾನ್ಯವಾಗಿ ಎರಡು ಮೂರು ದಿನ ಕಾಪಾಡುತ್ತದೆ, ಕರೆಂಟ್ ಬಂದ ಮೇಲೆ ಕಾರ್ಡ್ ಉಳಿದದ್ದನ್ನು ಡಿಸ್ಕ್‌ಗೆ ಇಳಿಸುತ್ತದೆ. ರೇಡ್ 5ರಲ್ಲಿ ಚಿಕ್ಕದೊಂದು ಬರಹಕ್ಕೆ ಹಳೆಯ ದತ್ತಾಂಶ, ಹಳೆಯ ಪ್ಯಾರಿಟಿ ಎರಡನ್ನೂ ಓದಿ ಹೊಸತೆರಡನ್ನೂ ಬರೆಯುವ ನಾಲ್ಕು ಕೆಲಸಗಳಾಗಬೇಕು. ಅವುಗಳ ನಡುವೆ ಕರೆಂಟ್ ಹೋದರೆ ದತ್ತಾಂಶಕ್ಕೂ ಪ್ಯಾರಿಟಿಗೂ ತಾಳೆ ತಪ್ಪುತ್ತದೆ. ಈ ರಂಧ್ರವನ್ನೂ ಅದೇ ಬ್ಯಾಟರಿ ಮುಚ್ಚುತ್ತಿತ್ತು. ಕಾರ್ಡ್ ಇಲ್ಲದೆ ಲಿನಕ್ಸ್ ತಾನೇ ನಡೆಸುವ ಎಂಡಿ ಅರೇಗಳಿಗೆ ಇದಕ್ಕಾಗಿಯೇ ಪ್ರತ್ಯೇಕ ಜರ್ನಲ್ ಡಿಸ್ಕ್ ಇಡುವ ಸೌಕರ್ಯ ಬಂದದ್ದು 4.4ನೇ ಕರ್ನಲ್‌ನಲ್ಲಿ, ಅಲ್ಲಿಯವರೆಗೆ ಈ ವಿಷಯದಲ್ಲಿ ಕಾರ್ಡ್‌ನವರದೇ ಮೇಲುಗೈ.

ಆದರೆ ಬ್ಯಾಟರಿ ಬ್ಯಾಟರಿಯೇ. ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಕೆಲವೊಮ್ಮೆ ಊದಿಕೊಳ್ಳುತ್ತದೆ. ತನ್ನಲ್ಲಿ ಎಷ್ಟು ಶಕ್ತಿ ಉಳಿದಿದೆಯೆಂದು ತಿಳಿಯಲು ಹಳೆಯ ಕಾರ್ಡ್‌ಗಳು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಕೊಳ್ಳುತ್ತವೆ. ಇದಕ್ಕೆ ಲರ್ನ್ ಸೈಕಲ್ ಎನ್ನುತ್ತಾರೆ. ಆ ಹೊತ್ತಿನಲ್ಲಿ ಬ್ಯಾಟರಿಯನ್ನು ನಂಬುವಂತಿಲ್ಲವಾದ್ದರಿಂದ ಬಹುತೇಕ ಕಾರ್ಡ್‌ಗಳು ಕ್ಯಾಷ್‌ಗೆ ಬಂದೊಡನೆ ಬರೆದಾಯಿತೆನ್ನುವ ರೈಟ್‌ಬ್ಯಾಕ್ ಬಿಟ್ಟು ಡಿಸ್ಕ್ ತಲುಪುವವರೆಗೆ ಕಾಯುವ ರೈಟ್‌ಥ್ರೂಗೆ ಇಳಿಯುತ್ತವೆ, ಅಂದರೆ ಮತ್ತೆ ಅದೇ ನೂರಿಪ್ಪತ್ತರ ಲೋಕ. ನಾನು ನೋಡಿಕೊಳ್ಳುತ್ತಿದ್ದ ಡೇಟಾಬೇಸ್ ಒಂದು ಕೆಲವು ವಾರಗಳಿಗೊಮ್ಮೆ ಹಗಲು ಹೊತ್ತಿನಲ್ಲೇ ಕೆಲವು ಗಂಟೆ ಮಂಕಾಗಿ ಕೂತು, ಆಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಕ್ವೆರಿಗಳನ್ನು ತಿದ್ದಿದೆವು, ಇಂಡೆಕ್ಸ್ ಸೇರಿಸಿದೆವು, ನೆಟ್‌ವರ್ಕ್‌ನವರನ್ನು ಅನುಮಾನಿಸಿದೆವು. ಕೊನೆಗೆ ಕಾರ್ಡ್‌ನ ಲಾಗ್‌ನಲ್ಲಿದ್ದ ಲರ್ನ್ ಸೈಕಲ್‌ನ ವೇಳೆಯನ್ನೂ ನಮ್ಮ ದೂರುಗಳ ವೇಳೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನಿಮಿಷಕ್ಕೆ ನಿಮಿಷ ಹೊಂದಿಕೆಯಾಯಿತು. ಅದನ್ನು ರಾತ್ರಿ ಹೊತ್ತಿಗೆ ಸರಿಸುವುದಕ್ಕೆ ಬೇಕಾದದ್ದು ಒಂದು ಸಾಲಿನ ಆದೇಶ. ಆಮೇಲೆ ಬಂದ ಕಾರ್ಡ್‌ಗಳಲ್ಲಿ ಬ್ಯಾಟರಿಯ ಜಾಗಕ್ಕೆ ಸೂಪರ್‌ಕೆಪಾಸಿಟರ್ ಮತ್ತು ಫ್ಲ್ಯಾಷ್ ಮೆಮೊರಿ ಬಂದಿವೆ. ಕರೆಂಟ್ ಹೋದೊಡನೆ ಕ್ಯಾಷ್‌ನಲ್ಲಿದ್ದುದೆಲ್ಲ ಫ್ಲ್ಯಾಷ್‌ಗೆ ಇಳಿದು ಅಲ್ಲೇ ಉಳಿಯುತ್ತದೆಯಾದ್ದರಿಂದ ಗಂಟೆಗಳನ್ನು ಎಣಿಸುವ ಪ್ರಮೇಯವಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಅಪಾಯವಿದೆ. ಬ್ಯಾಟರಿ ಸತ್ತಿದ್ದರೂ ರೈಟ್‌ಬ್ಯಾಕ್ ಬಿಡಬೇಡ ಎಂದು ಕಾರ್ಡ್‌ಗೆ ಒತ್ತಾಯಿಸುವ ಆಯ್ಕೆಯೊಂದು ಇರುತ್ತದೆ, ಮತ್ತು ಯಂತ್ರ ನಿಧಾನವಾಯಿತೆಂದು ಬೇಸತ್ತ ಯಾರೋ ಅದನ್ನು ಎಂದೋ ಹಾಕಿರುತ್ತಾರೆ. ಹೊಸದಾಗಿ ಕೈಗೆ ಬಂದ ಯಾವುದೇ ಸರ್ವರ್‌ನಲ್ಲಿ ನಾನು ಮೊದಲು ನೋಡುವುದು ಇದನ್ನೇ. ಕಾರ್ಡ್‌ನ ಹಿಂದಿರುವ ಡಿಸ್ಕ್‌ಗಳ ಸ್ವಂತ ಕ್ಯಾಷ್ ಆಫ್ ಆಗಿದೆಯೇ ಎಂಬುದನ್ನು ಅದರ ಬೆನ್ನಿಗೇ ನೋಡುತ್ತೇನೆ. ಕಾರ್ಡ್‌ನ ಬ್ಯಾಟರಿ ಕಾಯುವುದು ಕಾರ್ಡ್‌ನ ಮೆಮೊರಿಯನ್ನು ಮಾತ್ರ, ಡಿಸ್ಕ್‌ನ ಒಳಗಿನ ಮೆಮೊರಿ ಅದರ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಕಾರ್ಡ್ ಮತ್ತು ಮುಕ್ತ ತಂತ್ರಾಂಶದ ಸಂಬಂಧದ ಮಾತು. ಡ್ರೈವರ್ ಸಿಗುವುದು ಇಂದು ಸಮಸ್ಯೆಯೇ ಅಲ್ಲ. ಮೆಗಾರೇಡ್, ಅಡಾಪ್ಟೆಕ್, ಅರೆಕಾ ಎಲ್ಲದರ ಡ್ರೈವರ್‌ಗಳೂ ಲಿನಕ್ಸ್ ಕರ್ನಲ್‌ನಲ್ಲೇ ಇವೆ, ಮೂಲ ಸಂಕೇತ ಸಹಿತವಾಗಿ. ಆದರೆ ಡ್ರೈವರ್ ಮಾಡುವುದು ಬ್ಲಾಕ್‌ಗಳನ್ನು ಆಚೀಚೆ ಸಾಗಿಸುವ ಕೆಲಸ. ಯಾವ ಡಿಸ್ಕ್ ಸತ್ತಿದೆ, ಬ್ಯಾಟರಿ ಹೇಗಿದೆ, ಹೊಸ ಡಿಸ್ಕ್‌ಗೆ ದತ್ತಾಂಶ ತುಂಬುವ ರೀಬಿಲ್ಡ್ ಎಷ್ಟಾಗಿದೆ ಎಂದು ಪೂರ್ತಿಯಾಗಿ ಕೇಳಬೇಕೆಂದರೆ ತಯಾರಕರು ಕೊಡುವ ಮುಚ್ಚಿದ ಸಾಧನವೇ ಬೇಕು. ಮೆಗಾರೇಡ್‌ಗೆ ಮೊದಲು ಮೆಗಾಸಿಎಲ್‌ಐ, ಆಮೇಲೆ ಸ್ಟೋರ್‌ಸಿಎಲ್‌ಐ, ಅಡಾಪ್ಟೆಕ್‌ಗೆ ಆರ್ಕ್‌ಕಾನ್ಫ್, ತ್ರೀವೇರ್‌ಗೆ ಟಿಡಬ್ಲ್ಯೂ-ಸಿಎಲ್‌ಐ. ಮೆಗಾಸಿಎಲ್‌ಐ ಬಳಸಿದವರಿಗೆ ಅದರ ಆಯ್ಕೆಗಳ ಕಗ್ಗ ನೆನಪಿರುತ್ತದೆ: ದೊಡ್ಡಕ್ಷರ ಚಿಕ್ಕಕ್ಷರ ಬೆರೆತ, ಅಡ್ಡಗೆರೆಯಿಂದ ಶುರುವಾಗುವ, ಒಂದಕ್ಕೊಂದು ಅಂಟಿಕೊಂಡ ಪದಗಳು. ಯಾರಿಗೂ ಅವು ಬಾಯಿಪಾಠವಾದದ್ದನ್ನು ನಾನು ಕಂಡಿಲ್ಲ, ಎಲ್ಲರ ಬಳಿಯೂ ಎಲ್ಲಿಂದಲೋ ನಕಲಿಸಿಕೊಂಡ ಒಂದು ಚೀಟಿ ಇರುತ್ತಿತ್ತು. ಸಾಧನ ಬರುತ್ತಿದ್ದುದು ಜಿಪ್ ಕಡತದೊಳಗಿನ ಆರ್‌ಪಿಎಂ ಪ್ಯಾಕೇಜಾಗಿ. ಡೆಬಿಯನ್ ಬಳಸುವವರು ಅದನ್ನು ಏಲಿಯನ್ ಎಂಬ ತಂತ್ರಾಂಶದಿಂದ ಪರಿವರ್ತಿಸಿಕೊಳ್ಳಬೇಕಿತ್ತು. ನನ್ನ 83 ದಿನಗಳ ಕಥೆಯ ಮೂಲವೂ ಇಲ್ಲೇ ಇದೆ. ಲಿನಕ್ಸ್ ವಿತರಣೆಯ ತಂತ್ರಾಂಶ ಭಂಡಾರದಲ್ಲಿ ಇಲ್ಲದ ಸಾಧನ ತಾನಾಗಿ ಯಂತ್ರಕ್ಕೆ ಬರುವುದಿಲ್ಲ. ಯಾರಾದರೂ ನೆನಪಿಟ್ಟುಕೊಂಡು ಹಾಕಬೇಕು, ಅಲ್ಲಿ ಯಾರೂ ಹಾಕಿರಲಿಲ್ಲ.

ಈ ವಿಷಯದಲ್ಲಿ ಗಟ್ಟಿಯಾಗಿ ನಿಂತವರು ಓಪನ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆಯವರು. 2005ರಲ್ಲಿ, ನಿರ್ವಹಣೆಯ ಸಾಧನವನ್ನು ತಾವೇ ಬರೆಯಲು ಬೇಕಾದ ದಾಖಲೆಗಳನ್ನು ಅಡಾಪ್ಟೆಕ್ ಕೊಡದ ಕಾರಣ, ಅದರ ರೇಡ್ ಕಾರ್ಡ್‌ಗಳ ಡ್ರೈವರನ್ನೇ ತಮ್ಮ 3.7ನೇ ಆವೃತ್ತಿಯ ಸಿದ್ಧ ಕರ್ನಲ್‌ನಿಂದ ಕೈಬಿಟ್ಟರು. ಅದೇ ವರ್ಷದ 3.8ನೇ ಆವೃತ್ತಿಯಲ್ಲಿ ಬಯೋಸಿಟಿಎಲ್ ಎಂಬ ಒಂದೇ ಆದೇಶವನ್ನು ತಂದರು. ಕಾರ್ಡ್ ಯಾವ ಕಂಪನಿಯದಾದರೂ, ಡ್ರೈವರ್ ಅದನ್ನು ಬೆಂಬಲಿಸಿದರೆ, ಡಿಸ್ಕ್‌ಗಳ ಸ್ಥಿತಿ ಕೇಳಲು, ಬೀಪ್ ನಿಲ್ಲಿಸಲು, ಬಿಡಿ ಡಿಸ್ಕ್ ನೇಮಿಸಲು ಅದೇ ಆದೇಶ ಸಾಕು. ಇಂತಹ ಏಕರೂಪದ ಸಾಧನ ಲಿನಕ್ಸ್‌ನಲ್ಲಿ ಕಾರ್ಡ್‌ಗಳಿಗೆ ಇಂದಿಗೂ ಇಲ್ಲ. ಆದರೆ ಸ್ಮಾರ್ಟ್‌ಸಿಟಿಎಲ್ ಎಂಬ ಮುಕ್ತ ಸಾಧನ ಪರದೆಯ ಹಿಂದೆ ಇಣುಕಬಲ್ಲದು: ಮೆಗಾರೇಡ್ ಎಂದೂ ಅದರ ಹಿಂದಿನ ಡಿಸ್ಕ್‌ನ ಸಂಖ್ಯೆಯನ್ನೂ ಆಯ್ಕೆಯಾಗಿ ಕೊಟ್ಟರೆ, ಎಸ್‌ಡಿಎಯ ಬದಲು ಆ ನಿರ್ದಿಷ್ಟ ಡಿಸ್ಕ್ ಉತ್ತರ ಕೊಡುತ್ತದೆ. ಸ್ಮಾರ್ಟ್‌ಡಿಯ ಸಂರಚನೆಯಲ್ಲಿ ಡಿಸ್ಕ್‌ಗೆ ಒಂದರಂತೆ ಆರು ಸಾಲು ಬರೆದಿದ್ದರೆ ನಮಗೆ ಮೊದಲ ದಿನವೇ ಇಮೇಲ್ ಬರುತ್ತಿತ್ತು. ಆರು ಸಾಲು, ಅಷ್ಟೇ.

ಕಾರ್ಡ್ ತಯಾರಕರ ವಂಶಾವಳಿಯನ್ನೂ ಒಮ್ಮೆ ನೋಡಬೇಕು. ತ್ರೀವೇರ್ ಎಂಬ ಕಂಪನಿಯನ್ನು 2004ರಲ್ಲಿ ಎಎಂಸಿಸಿ ಕೊಂಡಿತು, 2009ರಲ್ಲಿ ಅದು ಎಲ್‌ಎಸ್‌ಐ ಕೈಗೆ ಹೋಯಿತು, 2014ರಲ್ಲಿ ಎಲ್‌ಎಸ್‌ಐಯನ್ನೇ ಅವಾಗೊ ನುಂಗಿತು, 2016ರಲ್ಲಿ ಅವಾಗೊ ಬ್ರಾಡ್‌ಕಾಮ್ ಎಂಬ ಹೆಸರು ತಳೆಯಿತು. ಪ್ರತಿ ಹೆಜ್ಜೆಯಲ್ಲೂ ಜಾಲತಾಣದ ವಿಳಾಸ ಬದಲಾಯಿತು, ಹಳೆಯ ಫರ್ಮ್‌ವೇರ್ ಎಲ್ಲಿದೆಯೆಂದು ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು. ವಿತರಣೆಗಳೂ ಹಳೆಯದನ್ನು ಬಿಡುತ್ತವೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 8ನೇ ಆವೃತ್ತಿ ಬಂದಾಗ ಹಳೆಯ ಮೆಗಾರೇಡ್ ಮತ್ತು ಸ್ಯಾಸ್ ಕಾರ್ಡ್‌ಗಳ ಗುರುತಿನ ಸಂಖ್ಯೆಗಳನ್ನು ಡ್ರೈವರ್‌ಗಳಿಂದ ತೆಗೆದುಹಾಕಿದ್ದರು. 7ನೇ ಆವೃತ್ತಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಯಂತ್ರದಲ್ಲಿ 8ನ್ನು ಹಾಕಲು ಹೋದವರಿಗೆ ಡಿಸ್ಕ್ ಒಂದೂ ಇಲ್ಲ ಎಂಬ ಪರದೆ ಕಂಡಿತು. ಇಎಲ್‌ರೆಪೊ ಸಮುದಾಯದವರು ಆ ಡ್ರೈವರ್‌ಗಳನ್ನು ಪ್ರತ್ಯೇಕವಾಗಿ ಕಟ್ಟಿ ಕೊಡದಿದ್ದರೆ ಎಷ್ಟೋ ಸುಸ್ಥಿತಿಯ ಸರ್ವರ್‌ಗಳು ಗುಜರಿ ಸೇರುತ್ತಿದ್ದವು.

ಎರಡನೆಯ ಪ್ರಶ್ನೆಗೆ ಬರುತ್ತೇನೆ: ಕಾರ್ಡೇ ಸತ್ತರೆ? ಕಾರ್ಡ್ ತನ್ನ ಅರೇಯ ವಿವರಗಳನ್ನು ಡಿಸ್ಕ್‌ಗಳ ಮೇಲೂ ಬರೆದಿಟ್ಟಿರುತ್ತದೆ. ಅದೇ ಮಾದರಿಯ ಅಥವಾ ಅದೇ ಕುಟುಂಬದ ಹೊಸ ಕಾರ್ಡ್ ಹಾಕಿದರೆ, ಅದು ಆ ಬರಹವನ್ನು ನೋಡಿ, ಇದು ನನ್ನದಲ್ಲದ ಸಂರಚನೆ, ಏನು ಮಾಡಲಿ ಎಂದು ಬೂಟ್ ಆಗುವಾಗಲೇ ಕೇಳುತ್ತದೆ. ಮೆಗಾರೇಡ್ ಕಾರ್ಡ್‌ಗಳಲ್ಲಿ ಆ ಪರದೆಯ ಮೇಲೆ 'ಎಫ್' ಒತ್ತಿದರೆ ಹಳೆಯ ಸಂರಚನೆಯನ್ನು ಆಮದು ಮಾಡಿಕೊಳ್ಳುತ್ತದೆ, 'ಸಿ' ಒತ್ತಿದರೆ ಸಂರಚನೆಯ ತಂತ್ರಾಂಶಕ್ಕೆ ಕರೆದೊಯ್ಯುತ್ತದೆ. ಆ ತಂತ್ರಾಂಶದೊಳಗೆ ಆಮದು ಮಾಡು ಎಂಬುದರ ಪಕ್ಕದಲ್ಲೇ ಅಳಿಸು ಎಂಬ ಆಯ್ಕೆಯೂ ಇರುತ್ತದೆ. ನಡುರಾತ್ರಿಯಲ್ಲಿ, ಫೋನ್ ಕಿವಿಯಲ್ಲಿಟ್ಟುಕೊಂಡು, ಅತ್ತ ಕಡೆಯಿಂದ ಯಾವಾಗ ಸರಿಹೋಗುತ್ತದೆ ಎಂಬ ಪ್ರಶ್ನೆಗೆ ಉತ್ತರಿಸುತ್ತಾ ಈ ಎರಡರಲ್ಲೊಂದನ್ನು ಆರಿಸುವ ಪರಿಸ್ಥಿತಿ ಯಾರಿಗೂ ಬೇಡ.

ನನಗೆ ಒಮ್ಮೆ ಅಷ್ಟೂ ಸಿಗಲಿಲ್ಲ. ಕಾರ್ಡ್ ಸುಟ್ಟುಹೋಗಿತ್ತು, ಬದಲಿ ಕಾರ್ಡ್ ಬರಲು ವಾರ ಹಿಡಿಯುತ್ತಿತ್ತು. ಅದೃಷ್ಟಕ್ಕೆ ಆ ಅರೇ, ಒಂದು ಇನ್ನೊಂದರ ಕನ್ನಡಿಯಾಗಿರುವ ಎರಡು ಸಾಟಾ ಡಿಸ್ಕ್‌ಗಳ ರೇಡ್ 1 ಆಗಿತ್ತು. ಅವೆರಡರಲ್ಲಿ ಒಂದನ್ನು ತೆಗೆದು, ಸಾಮಾನ್ಯ ಡೆಸ್ಕ್‌ಟಾಪಿನ ಸಾಟಾ ಪೋರ್ಟ್‌ಗೆ ಜೋಡಿಸಿ, ಏನನ್ನೂ ಬರೆಯದಂತೆ ಮೊದಲೇ ತಡೆದು, ಕರ್ನಲ್ ಏನನ್ನುತ್ತದೆಂದು ನೋಡಿದೆ. ಪಾರ್ಟಿಷನ್‌ಗಳ ಪಟ್ಟಿಯಾದ ಜಿಪಿಟಿಯ ಪರ್ಯಾಯ ಹೆಡರ್ ಡಿಸ್ಕ್‌ನ ಕೊನೆಯಲ್ಲಿಲ್ಲ ಎಂಬ ಎಚ್ಚರಿಕೆ ಬಂತು, ಅದರ ಕೆಳಗೆ ಪಾರ್ಟಿಷನ್‌ಗಳ ಹೆಸರುಗಳು ಒಂದೊಂದಾಗಿ ಬಂದವು. ಆ ಎಚ್ಚರಿಕೆಯಷ್ಟು ನೆಮ್ಮದಿ ಕೊಟ್ಟ ಎರರ್ ಸಂದೇಶವನ್ನು ನಾನು ಬೇರೆ ಕಂಡಿಲ್ಲ. ಕಾರ್ಡ್ ತನ್ನ ಟಿಪ್ಪಣಿಗಳನ್ನು ಡಿಸ್ಕ್‌ನ ಕೊನೆಯಲ್ಲಿ ಇಟ್ಟುಕೊಂಡು, ನಮಗೆ ತೋರಿಸುವ ಡಿಸ್ಕ್‌ನ ಗಾತ್ರವನ್ನು ಅಷ್ಟರಮಟ್ಟಿಗೆ ಕಡಿಮೆ ಮಾಡಿರುತ್ತದೆ. ಆದ್ದರಿಂದ ದತ್ತಾಂಶ ಡಿಸ್ಕ್‌ನ ಮೊದಲ ಸೆಕ್ಟರ್‌ನಿಂದಲೇ ಶುರುವಾಗಿರುತ್ತದೆ, ಜಿಪಿಟಿಯ ಎರಡನೆಯ ಪ್ರತಿ ಮಾತ್ರ ನಿಜವಾದ ಕೊನೆಗಿಂತ ಸ್ವಲ್ಪ ಹಿಂದೆ ಉಳಿದಿರುತ್ತದೆ. ಜಿಎನ್‌ಯು ಡಿಡಿರೆಸ್ಕ್ಯೂದಿಂದ ಇಡೀ ಡಿಸ್ಕ್‌ನ ಪ್ರತಿ ತೆಗೆದು ಬೆಳಗಾಗುವುದರೊಳಗೆ ಬೇರೆ ಯಂತ್ರದಲ್ಲಿ ಸೇವೆ ಶುರು ಮಾಡಲಾಯಿತು. ಅದೇ ರೇಡ್ 5 ಆಗಿದ್ದರೆ ಈ ಸುಲಭದ ದಾರಿ ಇರುತ್ತಿರಲಿಲ್ಲ. ಸರ್ವರ್‌ಗಳಲ್ಲಿ ಬಳಸುವ ಸ್ಯಾಸ್ ಡಿಸ್ಕ್‌ಗಳಾಗಿದ್ದರೆ ಡೆಸ್ಕ್‌ಟಾಪಿನ ಸಾಟಾ ಪೋರ್ಟ್‌ಗೆ ಅವು ಹೊಂದುತ್ತಲೇ ಇರಲಿಲ್ಲ. ಡಿಸ್ಕ್ ಮೇಲಿನ ಈ ಟಿಪ್ಪಣಿಗಳಿಗೆ ಡಿಡಿಎಫ್ ಎಂಬ ಮಾನಕವೊಂದಿದೆ, ಅದನ್ನು ಪಾಲಿಸುವ ಕಾರ್ಡ್‌ಗಳ ಅರೇಗಳನ್ನು ಲಿನಕ್ಸ್‌ನ ಎಂಡಿಆಡಮ್ ಓದಲು ಪ್ರಯತ್ನಿಸಬಲ್ಲದು. ಎಂಡಿಯದೇ ಅರೇಯಾದರೆ ಈ ಪ್ರಯತ್ನದ ಮಾತೇ ಬರುವುದಿಲ್ಲ, ಲಿನಕ್ಸ್ ಓಡುವ ಯಾವ ಯಂತ್ರಕ್ಕೆ ಡಿಸ್ಕ್‌ಗಳನ್ನು ಯಾವ ಕ್ರಮದಲ್ಲಿ ಸಿಕ್ಕಿಸಿದರೂ ಅರೇ ಎದ್ದು ಕೂರುತ್ತದೆ.

ಡಿಸ್ಕ್‌ಗಳ ಆಯ್ಕೆಯಲ್ಲೂ ಕಾರ್ಡ್‌ಗೆ ತನ್ನದೇ ಹಟಗಳಿವೆ. ಮನೆಬಳಕೆಯ ಡಿಸ್ಕ್ ಓದಲಾಗದ ಸೆಕ್ಟರ್ ಸಿಕ್ಕಾಗ ನಿಮಿಷದವರೆಗೂ ಮತ್ತೆ ಮತ್ತೆ ಯತ್ನಿಸಬಹುದು. ಕಾರ್ಡ್ ಅಷ್ಟು ಹೊತ್ತು ಕಾಯದೆ ಆ ಡಿಸ್ಕ್ ಸತ್ತಿದೆಯೆಂದು ಅರೇಯಿಂದ ಹೊರಹಾಕುತ್ತದೆ. ಸರ್ವರ್‌ಗೆಂದೇ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿಗೆ ಸೋಲೊಪ್ಪಿಕೊಂಡು, ಉಳಿದ ಡಿಸ್ಕ್‌ಗಳಿಂದ ಆ ತುಣುಕನ್ನು ಕಟ್ಟಿಕೊಳ್ಳಲು ಅವಕಾಶ ಕೊಡುತ್ತವೆ. ಡಿಸ್ಕ್‌ಗಳೊಡನೆ ಮಾತಾಡುವ ಲಿನಕ್ಸ್‌ನ ಸ್ಕಸಿ ಪದರ ತಾನಾಗಿ ಕಾಯುವುದು 30 ಸೆಕೆಂಡ್, ಆದ್ದರಿಂದ ಈ ಅಪಾಯ ಎಂಡಿಗೂ ತಪ್ಪಿದ್ದಲ್ಲ. ಆದರೆ ಅಲ್ಲಿ ಆ 30ನ್ನು 180 ಮಾಡಲು ಕರ್ನಲ್‌ನ ಆಯ್ಕೆಗಳು ಕಡತಗಳಾಗಿ ಕಾಣುವ ಸಿಸ್‌ಎಫ್‌ಎಸ್‌ನಲ್ಲಿ ಒಂದು ಅಂಕಿ ಬದಲಿಸಿದರೆ ಆಯಿತು. ಕಾರ್ಡ್‌ನ ಫರ್ಮ್‌ವೇರ್ ಎಷ್ಟು ಹೊತ್ತು ಕಾಯುತ್ತದೆಂಬುದು ಅದರೊಳಗಿನ ಗುಟ್ಟು.

ರೀಬಿಲ್ಡ್‌ನ ಲೆಕ್ಕವನ್ನೂ ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. 4 ಟೆರಾಬೈಟ್‌ನ ಡಿಸ್ಕ್ ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ತುಂಬುತ್ತಾ ಹೋದರೂ ಏಳು ಗಂಟೆಗೆ ಮೇಲೆ ಬೇಕು, ಅದೂ ಸರ್ವರ್ ಬೇರೇನೂ ಮಾಡದಿದ್ದರೆ. ಓದಲಾಗದ ದೋಷ 10ರ 14ನೇ ಘಾತದಷ್ಟು ಬಿಟ್‌ಗಳಿಗೆ ಒಂದಕ್ಕಿಂತ ಕಡಿಮೆ ಎಂದು ಮನೆಬಳಕೆಯ ಡಿಸ್ಕ್‌ಗಳ ವಿವರಪತ್ರದಲ್ಲಿ ಬರೆದಿರುತ್ತದೆ, ಅಂದರೆ 12.5 ಟೆರಾಬೈಟ್. ಇಂತಹ ನಾಲ್ಕು ಡಿಸ್ಕ್‌ಗಳ ರೇಡ್ 5ರಲ್ಲಿ ಒಂದು ಹೋದರೆ, ಉಳಿದ ಮೂರರಿಂದ 12 ಟೆರಾಬೈಟ್ ಓದಬೇಕು. ವಿವರಪತ್ರದ ಅಂಕಿ ತಯಾರಕರು ಕೊಡುವ ಕೊನೆಯ ಮಿತಿ, ಡಿಸ್ಕ್‌ಗಳು ಅದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ ಎಂಬುದು ನಿಜ. ಆದರೂ ದೊಡ್ಡ ಡಿಸ್ಕ್‌ಗಳಿಗೆ ನಾನು ರೇಡ್ 6 ಅಥವಾ ಕನ್ನಡಿ ಜೋಡಿಗಳ ರೇಡ್ 10 ಬಿಟ್ಟು ಬೇರೆಯದನ್ನು ಹಾಕುವುದಿಲ್ಲ. ಕಾರ್ಡ್‌ಗಳಲ್ಲಿರುವ ಪ್ಯಾಟ್ರೋಲ್ ರೀಡ್, ಅಂದರೆ ಬಿಡುವಿನ ಹೊತ್ತಿನಲ್ಲಿ ಎಲ್ಲ ಸೆಕ್ಟರ್‌ಗಳನ್ನೂ ಓದಿ ನೋಡುವ ವ್ಯವಸ್ಥೆ, ಆಫ್ ಆಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಡೆಬಿಯನ್‌ನಲ್ಲಿ ಎಂಡಿ ಅರೇಗಳಿಗೆ ಇದೇ ಕೆಲಸ ತಿಂಗಳ ಮೊದಲ ಭಾನುವಾರ ತಾನಾಗಿ ನಡೆಯುತ್ತದೆ.

ಕನ್ನಡಿಯ ಎರಡು ಪ್ರತಿಗಳಲ್ಲಿ ಒಂದರಲ್ಲಿ ಒಂದು ಬಿಟ್ ಸದ್ದಿಲ್ಲದೆ ಬದಲಾದರೆ, ಯಾವುದು ಸರಿ ಎಂದು ಕಾರ್ಡ್‌ಗೂ ತಿಳಿಯದು, ಎಂಡಿಗೂ ತಿಳಿಯದು. ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು, 2005ರಲ್ಲಿ ಸನ್ ಕಂಪನಿ ಓಪನ್‌ಸೋಲಾರಿಸ್‌ನೊಂದಿಗೆ ಹೊರತಂದ ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ. ಅದು ಪ್ರತಿ ಬ್ಲಾಕ್‌ಗೂ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಇಟ್ಟುಕೊಳ್ಳುವುದರಿಂದ ಕೆಟ್ಟ ಪ್ರತಿಯನ್ನು ಗುರುತಿಸಿ ಒಳ್ಳೆಯದರಿಂದ ತಿದ್ದುತ್ತದೆ. 2020ರ ಕೊನೆಗೆ ಬಂದ ಓಪನ್‌ಜೆಡ್‌ಎಫ್‌ಎಸ್ 2.0ರಿಂದ ಲಿನಕ್ಸ್ ಮತ್ತು ಫ್ರೀಬಿಎಸ್‌ಡಿ ಎರಡಕ್ಕೂ ಒಂದೇ ಮೂಲ ಸಂಕೇತ. ಆದರೆ ಅದಕ್ಕೆ ಡಿಸ್ಕ್‌ಗಳು ನೇರವಾಗಿ ಕಾಣಬೇಕು. ರೇಡ್ ಕಾರ್ಡ್ ಇರುವವರು ಪ್ರತಿ ಡಿಸ್ಕನ್ನೂ ಒಂದೇ ಡಿಸ್ಕ್‌ನ ರೇಡ್ 0 ಎಂದು ಮಾಡಿ ಜೆಡ್‌ಎಫ್‌ಎಸ್‌ಗೆ ಕೊಡುವುದನ್ನು ಅನೇಕ ಕಡೆ ನೋಡಿದ್ದೇನೆ, ಒಮ್ಮೆ ನಾನೂ ಮಾಡಿದ್ದೇನೆ. ಅದರಲ್ಲಿ ಪರದೆ ಹಾಗೆಯೇ ಉಳಿಯುತ್ತದೆ, ಸ್ಮಾರ್ಟ್ ಮಾಹಿತಿ ಹಿಂದೆಯೇ ಇರುತ್ತದೆ, ಡಿಸ್ಕ್ ಬದಲಿಸಿದಾಗಲೆಲ್ಲ ಕಾರ್ಡ್‌ನ ಸಾಧನಕ್ಕೆ ಹೋಗಿ ಹೊಸ ರೇಡ್ 0 ಕಟ್ಟದೆ ಆ ಡಿಸ್ಕ್ ಕಾಣುವುದೇ ಇಲ್ಲ. ಕಾರ್ಡ್‌ನಲ್ಲಿ ಡಿಸ್ಕ್‌ಗಳನ್ನು ಇದ್ದಂತೆಯೇ ತೋರಿಸುವ ಎಚ್‌ಬಿಎ ಅಥವಾ ಐಟಿ ಮೋಡ್ ಇದ್ದರೆ ಅದಕ್ಕೆ ಬದಲಿಸುವುದು, ಇಲ್ಲದಿದ್ದರೆ ಸಾದಾ ಎಚ್‌ಬಿಎ ಕಾರ್ಡ್ ಹಾಕುವುದು ಸರಿಯಾದ ದಾರಿ. ಸ್ಯಾಸ್2008 ಚಿಪ್‌ನ ಹಳೆಯ ರೇಡ್ ಕಾರ್ಡ್‌ಗಳಿಗೆ ಐಟಿ ಫರ್ಮ್‌ವೇರ್ ಹಾಕಿಕೊಂಡು ಜನ ವರ್ಷಗಟ್ಟಲೆ ನೆಮ್ಮದಿಯಿಂದಿರುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಹೇಳಿದ ಮೇಲೂ ಕೆಲವು ಯಂತ್ರಗಳಲ್ಲಿ ನಾನು ಕಾರ್ಡನ್ನು ಹಾಗೇ ಬಿಟ್ಟಿದ್ದೇನೆ. ಬೂಟ್ ಆಗುವ ಡಿಸ್ಕ್‌ನ ವಿಷಯದಲ್ಲಿ ಕಾರ್ಡ್ ಕೊಡುವ ಸುಖವನ್ನು ಅಲ್ಲಗಳೆಯಲಾಗದು. ಯಂತ್ರವನ್ನು ಬೂಟ್ ಮಾಡುವ ಫರ್ಮ್‌ವೇರ್‌ಗೆ ಒಂದೇ ಡಿಸ್ಕ್ ಕಾಣುತ್ತದೆ, ಎರಡರಲ್ಲಿ ಯಾವುದು ಸತ್ತರೂ ಯಂತ್ರ ಮೇಲೇಳುತ್ತದೆ. ಎಂಡಿಯಲ್ಲಿ ಅದೇ ಕೆಲಸಕ್ಕೆ ಎರಡೂ ಡಿಸ್ಕ್‌ಗಳಲ್ಲಿ ಬೂಟ್‌ಗೆ ಬೇಕಾದ ಇಎಫ್‌ಐ ಪಾರ್ಟಿಷನ್ ಇಟ್ಟು, ಎರಡನ್ನೂ ಸಮವಾಗಿ ಕಾಯ್ದುಕೊಳ್ಳುವ ಉಪಾಯ ಹುಡುಕಬೇಕು. ಟಿಪ್ಪಣಿಯನ್ನು ಪಾರ್ಟಿಷನ್‌ನ ಕೊನೆಯಲ್ಲಿಡುವ 1.0 ಮಾದರಿಯ ಮೆಟಾಡೇಟಾ ಬಳಸಿ ಫರ್ಮ್‌ವೇರ್‌ನ ಕಣ್ತಪ್ಪಿಸುವ ಯುಕ್ತಿಯಿದೆ, ಆದರೆ ಅದು ಯುಕ್ತಿಯೇ. ಇನ್ನೊಂದು, ಡಿಸ್ಕ್ ಬದಲಿಸುವವರು ಲಿನಕ್ಸ್ ಗೊತ್ತಿಲ್ಲದವರಾಗಿದ್ದರೆ, ಕಿತ್ತಳೆ ದೀಪದ ಡಿಸ್ಕ್ ಎಳೆದು ಹೊಸದನ್ನು ನೂಕಿ ಎಂದು ಫೋನಿನಲ್ಲಿ ಹೇಳಿದರೆ ಸಾಕಾಗುತ್ತದೆ. ಡೇಟಾಬೇಸ್‌ಗಳಿಗೆ ಮಾತ್ರ ಕಾರ್ಡ್‌ನ ಹಳೆಯ ಆಕರ್ಷಣೆ ಈಗ ಉಳಿದಿಲ್ಲ. ಕರೆಂಟ್ ಹೋದರೂ ತನ್ನೊಳಗಿನ ಕೆಪಾಸಿಟರ್‌ನ ಬಲದಿಂದ ಬರಹ ಮುಗಿಸುವ ಎಸ್‌ಎಸ್‌ಡಿಗಳು ಬಂದ ಮೇಲೆ, ಬ್ಯಾಟರಿಯ ಕ್ಯಾಷ್ ಮಾಡುತ್ತಿದ್ದ ಕೆಲಸ ಡಿಸ್ಕ್‌ನ ಒಳಗೇ ಹೋಗಿದೆ. ಎನ್‌ವಿಎಂಇ ಡಿಸ್ಕ್‌ಗಳಂತೂ ನೇರವಾಗಿ ಪಿಸಿಐ ಎಕ್ಸ್‌ಪ್ರೆಸ್ ಮೇಲೆ ಕೂರುತ್ತವೆ. ಹಲವನ್ನು ಒಂದು ಕಾರ್ಡ್‌ನ ಹಿಂದೆ ನಿಲ್ಲಿಸಿದರೆ ಆ ಕಾರ್ಡ್‌ನ ಸ್ಲಾಟೇ ಇಕ್ಕಟ್ಟಾಗುತ್ತದೆ.

ಆ ಆರು ಡಿಸ್ಕ್‌ಗಳ ಸರ್ವರ್ ಇನ್ನೂ ಓಡುತ್ತಿದೆ. ನಾಲ್ಕನೆಯ ಡಿಸ್ಕ್ ಬದಲಾಯಿಸುವ ಮುನ್ನ ಎರಡು ಬಾರಿ ಬ್ಯಾಕಪ್ ತೆಗೆದು, ಒಂದನ್ನು ಬೇರೆ ಯಂತ್ರದಲ್ಲಿ ತೆರೆದೂ ನೋಡಿದೆವು; ರೀಬಿಲ್ಡ್ ಮುಗಿಯುವವರೆಗೆ ಹನ್ನೊಂದು ಗಂಟೆ ಕಾಲ ಯಾರೂ ಆ ಯಂತ್ರದ ಹತ್ತಿರ ಜೋರಾಗಿ ಮಾತನಾಡಲೂ ಇಲ್ಲ. ಈಗ ಅದರ ವೇಳಾಪಟ್ಟಿ ಸೇವೆಯಾದ ಕ್ರಾನ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಕಾರ್ಡ್‌ನ ಸಾಧನವನ್ನು ಕರೆದು, ಪ್ರತಿ ಡಿಸ್ಕ್‌ನ ಸ್ಥಿತಿ ಆನ್‌ಲೈನ್ ಎಂದಿದೆಯೇ, ಅರೇ ಆಪ್ಟಿಮಲ್ ಎಂದಿದೆಯೇ, ಬ್ಯಾಟರಿ ಸರಿಯಿದೆಯೇ ಎಂದು ನೋಡುವ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಇದೆ. ಸಾಧನದಿಂದ ಉತ್ತರವೇ ಬಾರದಿದ್ದರೆ ಅದನ್ನೂ ದೋಷವೆಂದೇ ಲೆಕ್ಕ ಹಾಕುತ್ತದೆ. ಯಂತ್ರದ ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇವೆ: ಯಾವ ಸ್ಲಾಟ್‌ನಲ್ಲಿ ಯಾವ ಕ್ರಮಸಂಖ್ಯೆಯ ಡಿಸ್ಕ್, ಸ್ಟ್ರೈಪ್ ಗಾತ್ರ ಎಷ್ಟು, ಫರ್ಮ್‌ವೇರ್ ಯಾವುದು. ಸ್ಲಾಟ್‌ಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನು ಚೀಟಿಯ ತಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ, ಏಕೆಂದರೆ ಆ ದಿನ ಕಾರ್ಡ್ ಮೂರು ಎಂದು ಹೇಳಿದ ಡಿಸ್ಕ್‌ಗೆ ನಾನು ಮೊದಲು ಕೈಯಿಟ್ಟದ್ದು ಮೂರನೆಯದರ ಹಿಡಿಕೆಯ ಮೇಲೆ.